ನಲವತ್ತನೆಯ ಹೆಸರು

ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಡೆಪ್ಯುಟಿ ಸಾಹೇಬರೇ, ಮುನ್ಸಿಪಾಲ್ಟಿಯ ಮಾನ್ಯ ಸದಸ್ಯರೇ, ನನ್ನೊಡನೆ ವರ್ಷಗಟ್ಟಲೆ ಕರಿಹಲಗೆಯ ಖಡುವಿನ ಧೂಳು ಕುಡಿದ ಶಿಕ್ಷಕ ಬಂಧುಗಳೇ, ಎಡಗಡೆ ಜಮಖಾನೆಯ ಮೇಲೆ ಕುಳಿತ ತಾಯಂದಿರೇ, ಬಲಗಡೆ ಬೆಂಚು ಸಾಲದೆ ಕಿಡಕಿಗಳಲ್ಲಿ ಕುಳಿತ ನನ್ನ ಹಳೆಯ ವಿದ್ಯಾರ್ಥಿಗಳೇ, ಮತ್ತು ಸಭಿಕರೇ,

ನನ್ನ ಮೂವತ್ನಾಲ್ಕು ವರ್ಷಗಳ ಮಾಸ್ತರಿಕೆಯ ಕೊನೆಯ ದಿನ ನೀವು ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಗಾಜಿನ ಚೌಕಟ್ಟಿನಲ್ಲಿ ಒಂದು ಮಾನಪತ್ರ ಕೊಟ್ಟಿದ್ದೀರಿ. ನಾನು ಯಾರು? ಧಾರವಾಡದಲ್ಲಿ ಹುಟ್ಟಿ, ಮುಲ್ಕಿ ಪರೀಕ್ಷೆ ಪಾಸಾಗಿ, ಹಳೇ ಹುಬ್ಬಳ್ಳಿಯ ಈ ಓಣಿಗೆ ಬಂದು, ಇಲ್ಲಿಯ ಮಕ್ಕಳಿಂದ ಅಕ್ಷರ ತಿದ್ದಿಸಿದ ಒಬ್ಬ ಸಾಮಾನ್ಯ ತ್ರ್ಯಂಬಕ ಮಾಸ್ತರ. ನಾನು ಕಲಿಸಿದ್ದೆಷ್ಟು? ಸ್ವಲ್ಪ. ನಾನು ಹೊಡೆದದ್ದೆಷ್ಟು? ಅದನ್ನು ಕಿಡಕಿಯಲ್ಲಿ ಕುಳಿತವರನ್ನೇ ಕೇಳಬೇಕು. ನಾನು ಪಡೆದದ್ದೆಷ್ಟು? ಲೆಕ್ಕ ಇಡಲಾರದಷ್ಟು ಪ್ರೀತಿ.

ಇಲ್ಲಿಗೆ ನಾನು ಬರೆದುಕೊಂಡು ಬಂದ ಕಾಗದದ ಮೊದಲನೇ ಮಗ್ಗಲು ಮುಗಿಯಿತು. ಎರಡನೇ ಮಗ್ಗಲಿನಲ್ಲಿ ಉಪಕಾರಸ್ಮರಣೆ ಇದೆ. ಆದರೆ ಈಗ ಮಾನಪತ್ರ ಓದಿದಾಗ ಅದರಾಗ ಒಂದು ಸಾಲು ಕಿವಿಗೆ ಬಿತ್ತು. ಅದು ಬಿದ್ದ ಮ್ಯಾಲೆ ಈ ಕಾಗದ ಮಡಚಿ ಕಿಸೇದಾಗ ಇಡೋದು ಛಲೋ ಅನಸ್ತು. ಇನ್ನ ಮುಂದ ಮನ್ಯಾಗ ಮಾತಾಡಿದ ಹಂಗ ಮಾತಾಡ್ತೇನಿ. ಅಧ್ಯಕ್ಷರು ಕ್ಷಮಾ ಮಾಡಬೇಕು.

ಯಾವ ಸಾಲು? ‘ಇವರು ಮೂವತ್ನಾಲ್ಕು ವರ್ಷಗಳಲ್ಲಿ ಶಾಲೆಯ ದಫ್ತರದಲ್ಲಿ ಒಂದಕ್ಷರವನ್ನಾದರೂ ಅಸತ್ಯವಾಗಿ ಬರೆದವರಲ್ಲ.’ ಇದನ್ನ ಬರದವರು ಬಾಳಕೃಷ್ಣ ಮಾಸ್ತರು, ನಾಳಿಂದ ಈ ಶಾಲೆಗೆ ಹೆಡ್ ಮಾಸ್ತರು. ಎಲ್ಲಾರಿಗೂ ಗೊತ್ತಿದ್ದದ್ದೇ, ನನ್ನ ಹೆಂಡತಿ ತಮ್ಮ. ಅಕ್ಷರ ದುಂಡಗ ಅವ, ವಾಕ್ಯ ಶುದ್ಧ ಅದ, ವಿಷಯ ಮಾತ್ರ ತಪ್ಪದ. ನನ್ನ ವರ್ಗದಾಗ ಇದ್ದಿದ್ರ ಹತ್ತಕ್ಕ ನಾಕು ಮಾರ್ಕು ಕೊಡ್ತಿದ್ದೆ. ನಗಬ್ಯಾಡ್ರಿ, ಯಾವುದು ತಪ್ಪು ಅಂತ ಹೇಳ್ತೇನಿ.

ಅಲ್ಲೆ ಹಿಂದಿನ ಬಾಗಲದಾಗ, ಚೌಕಟ್ಟು ತಲಿಗೆ ಬಡೀತದಂತ ಕತ್ತು ಬಗ್ಗಿಸಿ ಒಬ್ಬ ತರುಣ ನಿಂತಾನ, ನೋಡ್ರಿ. ಶಾಬುದ್ದೀನ ನದಾಫ. ಅವನ ಅಪ್ಪ ಖಾದರಬಾಷಾ ನಮ್ಮ ಸಾಲಿ ಹಿಂದಿನ ಮನ್ಯಾಗ ಅರಳಿ ಹಿಂಜತಿದ್ದ. ಪಾಠ ನಡದಾಗ ಹತ್ತಿ ಹಿಂಜೋ ಆ ಬಿಲ್ಲಿನ ಸಪ್ಪಳ ಗೋಡಿ ದಾಟಿ ಬರ್ತಿತ್ತು, ಮಕ್ಕಳು ಅದೇ ತಾಳಕ್ಕ ಮಗ್ಗಿ ಅಂತಿದ್ವು. ಈ ಓಣ್ಯಾಗ ಖಾದರಬಾಷಾ ಹಿಂಜಿ ತುಂಬಿದ ಗಾದಿ ಇಲ್ಲದ ಮನಿ ಯಾವುದದ ಹೇಳ್ರಿ? ಮಗ ಮ್ಯಾಟ್ರಿಕ್ ಪಾಸಾದ ವರ್ಷಾನೇ ಅವ ತೀರಿಕೊಂಡ. ಹುಡುಗ ಮೂರು ವರ್ಷ ಅಪ್ಪನ ಬಿಲ್ಲು ಹಿಡದು ದುಡದ. ಆಮ್ಯಾಲೆ ತಾಯಿ ದಾವಲಬಿ, ಇನ್ನ ಗಾದಿ ನಾ ಹೊಲೀತೇನಿ, ನೀ ಓದು ಅಂತ ಹೇಳಿ ಧಾರವಾಡದ ಕಾಲೇಜಿಗೆ ಹಚ್ಚಿದ್ಲು. ದಿನಾ ರೇಲ್ವೆಲೆ ಹೋಗಿ ಬರ್ತಾನ. ಈಗ ಬಿ.ಎ. ಕೊನೇ ವರ್ಷ. ಕಾಲೇಜಿನ ಫುಟಬಾಲ್ ತಂಡಕ್ಕ ಮೂರು ವರ್ಷದಿಂದ ಅವನೇ ಗೋಲ್‌ಕೀಪರ.

ನನಗ ಆಟ ತಿಳಿಯೂದಿಲ್ಲ. ಹೋದ ವರ್ಷ ಒಮ್ಮೆ ನೋಡ್ಲಿಕ್ಕೆ ಹೋಗಿದ್ದೆ. ಮೈದಾನ ತುಂಬ ಕೆಸರು, ಆಡವರೆಲ್ಲ ಬರಿಗಾಲಿನವರು. ಎದುರಿನಾಂವ ಒಬ್ಬ ಒದ್ದ ಚೆಂಡು ಗೋಲಿನ ಮೂಲಿ ಹಿಡದು ಹೊಂಟಿತ್ತು. ಇದು ಹೋತು ಅಂತ ನಾ ಛತ್ರಿ ಮಡಚಿದೆ. ಈ ಹುಡುಗ ಹಿಂಗ ಅಡ್ಡ ಬಿದ್ದು ಕೈ ಚಾಚಿದ, ಚೆಂಡು ಬೆರಳ ತುದಿಗೆ ತಾಕಿ ಹೊರಗ ಹೋತು. ಬಾಜೂಕ ನಿಂತವರಿಗೆ ‘ಇವಗ ಅಕ್ಷರ ಕಲಿಸಿದಾಂವ ನಾನು’ ಅಂದೆ. ಅವರು, ‘ಕೈನೂ ನೀವೇ ಕೊಟ್ಟೀರೇನು?’ ಅಂದ್ರು. ಧಾರವಾಡದ ಮಂದಿ ಮಾತು ಕೇಳಬೇಕ್ರಿ, ಮೆತ್ತಗ ಹೊಡೀತಾರ.

ಈ ವರ್ಷ ಅವನ್ನ ಆಡಗೊಡವಲ್ಲರು. ಕಾಲೇಜುಗಳ ಪಂದ್ಯ ನಡಸೋ ಸಮಿತಿಯ ನಿಯಮ ಹಿಂಗದ: ಜುಲೈ ಒಂದನೇ ತಾರೀಖಿಗೆ ಇಪ್ಪತ್ಮೂರು ತುಂಬಿದವರು ಆಡಬಾರದು. ದಾಖಲೆ ಪ್ರಕಾರ ಶಾಬುದ್ದೀನಗ ಇದೇ ಜೂನ್ ಒಂದಕ್ಕ ಇಪ್ಪತ್ಮೂರು ತುಂಬಿತು. ಒಂದು ತಿಂಗಳ ಸಲುವಾಗಿ ಹೆಸರು ಹೊಡದು ಹಾಕಿದ್ರು. ತಕರಾರು ಕೊಟ್ಟವರು ಹೋದ ವರ್ಷ ಸೋತ ಕಾಲೇಜಿನವರು. ಅವರದೇನೂ ತಪ್ಪಿಲ್ಲ, ಗೆದ್ದವರು ಪೇಢೆ ತಿಂತಾರ, ಸೋತವರು ನಿಯಮ ಓದ್ತಾರ. ಪಂದ್ಯ ನಾಳಿಂದು ಬಿಟ್ಟು ಮುಂದಿನ ಐತವಾರದಿಂದ ಶುರು. ರೇಲ್ವೆ ವರ್ಕಶಾಪಿನ ಸಾಹೇಬರು ತಮ್ಮ ತಂಡಕ್ಕ ಒಬ್ಬ ಗೋಲ್‌ಕೀಪರನ್ನ ಆರಸಲಿಕ್ಕೆ ಬರ್ತಾರ. ಆರಿಸಿದವಗ ವರ್ಕಶಾಪಿನಾಗ ಕಾಯಂ ನೌಕರಿ. ಗೋಲಿನಾಗ ನಿಲ್ಲದವನ್ನ ಯಾರು ಆರಸ್ತಾರ? ಸಮಿತಿ ಸೋಮವಾರ ಕೊನೇ ಸಲ ಕೂಡತದ. ಅಷ್ಟರಾಗ ವಯಸ್ಸು ತಪ್ಪದ ಅಂತ ಸಿದ್ಧ ಆದ್ರ ಆಡತಾನ, ಇಲ್ಲಾಂದ್ರ ಇಲ್ಲ. ಇವತ್ತು ಶನಿವಾರ.

ವಯಸ್ಸು ಎಲ್ಲೆ ಬರದದ? ತಾಯಿ ತವರುಮನ್ಯಾಗ ಹಡದಾಳ, ಅಲ್ಲೆ ಯಾರೂ ಬರಿಸಿಲ್ಲ. ಉಳಿದದ್ದು ಈ ಸಾಲಿಯ ಜನರಲ್ ರಜಿಸ್ಟರ ಒಂದೇ. ಅದರಾಗಿನ ಅಕ್ಷರ ನಂದು.

ಈಗ ಮಾಸ್ತರರಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಸಾಲಿಗೆ ಮಕ್ಕಳನ್ನ ಕರಕೊಂಡು ಬಂದವರು ವಯಸ್ಸು ಹೇಳಂದ್ರ ಏನು ಹೇಳ್ತಾರ? ‘ನಮ್ಮ ಎಮ್ಮಿ ಎರಡನೇ ಸಲ ಈದಾಗ ಹುಟ್ಟಿದ್ದು’ ಅಂತಾರ. ಎಮ್ಮಿ ಯಾವಾಗ ಈದಿತ್ತು ಅಂತ ಕೇಳಿದ್ರ, ಇದು ಹುಟ್ಟಿದಾಗ ಅಂತಾರ. ಅದಕ್ಕ ನಮ್ಮ ಹಿಂದಿನ ಮಾಸ್ತರ ಮಂದಿ ಒಂದು ಅಳತಿ ಮಾಡಿಟ್ಟಾರ. ಹುಡುಗನ್ನ ನೆಟ್ಟಗ ನಿಲ್ಲಸೋದು, ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಹಿಡಿ ಅನ್ನೋದು. ಕಿವಿ ಸಿಕ್ತು, ಆರು ವರ್ಷ ಆತು, ಬಾ ಒಳಗ. ಸಿಗಲಿಲ್ಲ, ಮುಂದಿನ ವರ್ಷ ಬಾ. ಇನ್ನ ತಾರೀಖು? ಜೂನ್ ಒಂದು. ನಮ್ಮ ರಜಿಸ್ಟರ ತಗದು ನೋಡಿದ್ರ ಈ ಓಣಿ ಮಕ್ಕಳೆಲ್ಲಾ ಜೂನ್ ಒಂದಕ್ಕೇ ಹುಟ್ಟ್ಯಾವ. ಆ ಒಂದು ದಿನ ಸೂಲಗಿತ್ತಿ ಲಕ್ಷ್ಮೀಬಾಯಿಗೆ ಊಟ ಮಾಡ್ಲಿಕ್ಕೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ.

ಶಾಬುದ್ದೀನನ ಕಥಿ ನಿಮಗೆಲ್ಲಾ ಗೊತ್ತದ. ನಾಕು ವರ್ಷದ ಕೂಸು ಇದ್ದಾಗೇ ಅವನ ಕೈ ಕಿವಿ ಮುಟ್ಟಿತು, ಅಷ್ಟು ಉದ್ದ ಕೈ, ಮಾಸ್ತರ ಮೋಸ ಹೋಗಿ ಆರು ವರ್ಷ ಅಂತ ಬರಕೊಂಡ್ರು, ಗೋಲ್‌ಕೀಪರ ಆಗಲಿಕ್ಕೇ ದೇವರು ಕಳಿಸ್ಯಾನ. ಕಟಿಂಗ್ ಅಂಗಡ್ಯಾಗ ಕೂತವರೂ ಇದನ್ನೇ ಹೇಳ್ತಾರ, ಮಸೂತಿ ಕಟ್ಟಿ ಮ್ಯಾಲೆ ಕೂತವರೂ ಇದನ್ನೇ ಹೇಳ್ತಾರ. ಈಗ ನೀವೂ ತಲಿ ಅಲ್ಲಾಡಸ್ಲಿಕ್ಕೆ ಹತ್ತೀರಿ. ಈ ಕಥಿ ಮೊದಲು ಯಾರು ಹೇಳಿದ್ರು ಅಂತ ಯಾರಿಗಾದ್ರೂ ನೆನಪದ ಏನು? ನಾನೇ ಹೇಳಿದ್ದು.

ಹದಿನೇಳು ವರ್ಷದ ಹಿಂದಿನ ಮಾತು. ಆಗ ನಮ್ಮ ಸಾಲಿಗೆ ಇಬ್ಬರು ಮಾಸ್ತರು ಇರಬೇಕಂದ್ರ ಜೂನ್ ಕೊನೆಗೆ ಹಾಜರಿ ಪಟದಾಗ ನಲವತ್ತು ಹೆಸರು ಇರಬೇಕಾಗಿತ್ತು. ಒಂದು ಕಡಿಮಿ ಬಿದ್ರೂ ಎರಡನೇ ಮಾಸ್ತರಗ ಮನಿ ದಾರಿ. ಆ ವರ್ಷ ನಾ ಓಣಿ ಓಣಿ ತಿರುಗಿದೆ, ಬಾಗಲಾ ಬಾಗಲಾ ಬಡದೆ, ಹುಡುಗರನ್ನ ಮರದ ಮ್ಯಾಲಿಂದ ಇಳಿಸಿ ತಂದೆ. ಮೂವತ್ತೊಂಬತ್ತಕ್ಕ ನಿಂತುಬಿಟ್ಟಿತು. ನಾಳೆ ಸಾಲಿ ತಪಾಸಣಿಯ ಡೆಪ್ಯುಟಿ ಸಾಹೇಬರು ಎಣಸಲಿಕ್ಕೆ ಬರವರು. ಈಗಿನ ಸಾಹೇಬರಲ್ಲ, ಹಿಂದಿನವರು. ಅವರು ಮಕ್ಕಳ ತಲಿ ಮುಟ್ಟಿ ಮುಟ್ಟಿ ಎಣಸ್ತಿದ್ರು.

ಆ ಎರಡನೇ ಮಾಸ್ತರ ಯಾರು ಅಂತ ನಾ ಹೆಸರು ಹೇಳೂದಿಲ್ಲ. ಸಭಾದಾಗ ಹೇಳೋದು ಛಲೋ ಅಲ್ಲ. ಒಬ್ಬ ಬಡ ತರುಣ ಅಂತ ತಿಳೀರಿ. ಆಗಷ್ಟೇ ಲಗ್ನ ಆಗಿತ್ತು. ಕೆಲಸ ಹೋದ್ರ ಹೆಂಡತಿನ್ನ ತವರುಮನ್ಯಾಗ ಬಿಡಬೇಕಾಗಿತ್ತು. ಅವರಕ್ಕ ದಿನಾ ನನಗ ಊಟಕ್ಕ ಬಡಸುವಾಗ, ‘ಅವಂದೇನಾತು?’ ಅಂತ ಕೇಳ್ತಿದ್ಲು. ಭಾಕ್ರಿ ಹಾಕಿ ಒಮ್ಮೆ ಕೇಳೋದು, ಪಲ್ಯ ಹಾಕಿ ಒಮ್ಮೆ ಕೇಳೋದು. ಛೇ, ಅಕ್ಕ ಬಡಸ್ತಿದ್ಲು ಅಂದ ಮ್ಯಾಲೆ ಹೇಳಲಾರದ್ದು ಇನ್ನೇನು ಉಳೀತು? ಬಾಳಕೃಷ್ಣ, ಗ್ಲಾಸಿನಾಗ ನೀರದ, ಕುಡಿಯಪಾ. ನಿಂದೇನೂ ತಪ್ಪಿಲ್ಲ, ನಿನಗ ಇದು ಇವತ್ತಿನವರೆಗೂ ಗೊತ್ತಿಲ್ಲ. ಗೊತ್ತಿದ್ದಿದ್ರ ಆ ಸಾಲು ನೀ ಬರೀತಿರಲಿಲ್ಲ.

ಆ ದಿವಸ ಮಧ್ಯಾಹ್ನ ದಾವಲಬಿ ನಮ್ಮ ಮನಿ ಗಾದಿ ಹೊತ್ತುಕೊಂಡು ಬಂದಿದ್ಲು, ಹೊಸದಾಗಿ ಅರಳಿ ಹಿಂಜಿ ತುಂಬಿದ್ದು. ಹಿಂದ ಸೆರಗು ಹಿಡಕೊಂಡು ಈ ಶಾಬುದ್ದೀನ. ಅಕಿ ಅವನ್ನ ಸಾಲಿಗೆ ಹಾಕಲಿಕ್ಕೆ ಬಂದಿರಲಿಲ್ಲ. ನಾನೇ ಕರದೆ. ‘ಇವನ್ನ ಯಾಕ ಸಾಲಿಗೆ ಹಾಕಿಲ್ಲ?’ ಅಂದೆ. ಅಕಿ ನಕ್ಕು, ‘ಇನ್ನ ಸಣ್ಣಾಂವ ಅದಾನ್ರಿ ಮಾಸ್ತರ. ಊರಿಗೆಲ್ಲ ಜ್ವರ ಬಂದು ಹ್ವಾದ ಮರು ವರ್ಷ ಬಕ್ರೀದಕ್ಕ ಹುಟ್ಯಾನ. ನಾಕು ತುಂಬಿ ಐದರಾಗ ಅದಾನ’ ಅಂದ್ಲು. ಎಮ್ಮಿ ಲೆಕ್ಕ ಅಲ್ಲ, ಸರಿಯಾದ ಲೆಕ್ಕ. ಆ ಜ್ವರದ ವರ್ಷ ನಮ್ಮನ್ಯಾಗೂ ಒಂದು ಕೂಸು ಹೋಗಿತ್ತು, ನನಗ ಆ ವರ್ಷ ಮರಿಯೂ ಹಂಗಿಲ್ಲ. ನಾ ಏನಂದೆ? ‘ನಿನ್ನ ಲೆಕ್ಕ ಇರಲಿ ಬೇ, ಸರಕಾರದ ಲೆಕ್ಕ ನೋಡೋಣು’ ಅಂದು ಹುಡುಗನ್ನ ಗೋಡಿಗೆ ನಿಲ್ಲಿಸಿದೆ. ಕೈ ಎತ್ತು ಅಂದೆ, ಎತ್ತಿದ. ನಲವತ್ತನೇ ಹೆಸರು ಬರದೆ. ವಯಸ್ಸು ಆರು, ಜೂನ್ ಒಂದು. ಮರುದಿವಸ ಸಾಹೇಬರು ತಲಿ ಎಣಿಸಿ ಹೋದ್ರು. ಮನ್ಯಾಗ ಅವತ್ತು ಹೋಳಿಗಿ ಮಾಡಿದ್ರು.

ಹಿಂದಿನ ಸಾಲಿನವರು ಗುಜುಗುಜು ಮಾಡಬ್ಯಾಡ್ರಿ. ಬೆತ್ತ ಬಾಳಕೃಷ್ಣನ ಕೈಗೆ ಕೊಟ್ಟೇನಿ ಖರೇ, ಸಂಜೀ ತನಕ ಅಧಿಕಾರ ನಂದೇ ಅದ.

ಜುಲೈ ತಿಂಗಳಾಗ ಶಾಬುದ್ದೀನ ನಮ್ಮ ಮನಿಗೆ ಬಂದ. ಹೊರಗ ಕಟ್ಟಿ ಮ್ಯಾಲೆ ಕೂತು ಎಲ್ಲಾ ಹೇಳಿದ. ವಯಸ್ಸು ತಪ್ಪಾಗಿ ಬಿದ್ದದ ಅಂತ ಬರದಾಂವನೇ ಬರದುಕೊಟ್ರ ಸಮಿತಿ ವಿಚಾರ ಮಾಡ್ತದಂತ, ನೀವು ಬರದುಕೊಡ್ರಿ ಸರ್ ಅಂದ. ನನಗ ಮೊದಲು ಏನು ನೆನಪಾತು? ಪೆನ್ಶನ್ ನೆನಪಾತು. ನಿವೃತ್ತಿಗೆ ಎರಡು ತಿಂಗಳಷ್ಟೇ ಉಳದಿತ್ತು. ದಫ್ತರದಾಗ ತಿಳಿದು ತಿಳಿದು ಸುಳ್ಳು ಬರದಾನ ಅಂತ ಗೊತ್ತಾದ್ರ ವಿಚಾರಣಿ, ಚೌಕಶಿ ಕೂಡತದ. ಚೌಕಶಿ ಮುಗಿಯೂ ತನಕ ಪೆನ್ಶನ್ ಇಲ್ಲ, ಮುಗಿದ ಮ್ಯಾಲೂ ಸಿಗತದೋ ಇಲ್ಲೋ. ಅದಕ್ಕ ನಾ ಭಾಳ ಶಾಣ್ಯಾತನಾ ಮಾಡಿದೆ. ಒಂದು ಪತ್ರ ಬರದೆ: ‘ಸದರಿ ಹುಡುಗನ ಕೈ ಉದ್ದವಿದ್ದ ಕಾರಣ ಕಿವಿಯನ್ನು ಮುಟ್ಟಿತಾಗಿ, ವಯಸ್ಸು ಆರೆಂದು ತಪ್ಪು ತಿಳುವಳಿಕೆಯಾಯಿತು.’ ಹುಡುಗನ ಕೆಲಸಾನೂ ಆಗಬೇಕು, ನನ್ನ ಮೈಗೂ ಏನೂ ಹತ್ತಬಾರದು. ಶಾಬುದ್ದೀನ ಕಾಲಿಗೆ ಬಿದ್ದು ತಗೊಂಡು ಹೋದ.

ಸಮಿತಿಯವರು ಎಂಟು ದಿವಸದಾಗ ಉತ್ತರ ಕಳಿಸಿದ್ರು. ಕೈ ಕಿವಿ ಮುಟ್ಟಿತ್ತು ಅಂತ ಮಾಸ್ತರರೇ ಒಪ್ಪ್ಯಾರ. ಕೈ ಕಿವಿ ಮುಟ್ಟಿದ್ರ ಆರು ವರ್ಷ ಅನ್ನೋದು ಎಲ್ಲಾ ಸಾಲಿಗಳ ಪದ್ಧತಿ. ಅಂದ ಮ್ಯಾಲೆ ವಯಸ್ಸು ಸರಿ ಅದ ಅನ್ನೋದಕ್ಕ ಇದಕಿಂತ ಛಲೋ ಸಾಕ್ಷಿ ಯಾವುದು? ನೋಡ್ರಿ, ಹೆಂಗದ. ನನ್ನ ಪತ್ರ ಬರೂಕಿಂತ ಮೊದಲು ಹುಡುಗಗ ಒಂದು ಸಂಶಯದ ಲಾಭ ಆದ್ರೂ ಇತ್ತು. ಅದನ್ನೂ ನಾ ಕಸಗೊಂಡೆ. ಅವರು ಇನ್ನೊಂದು ಮಾತು ಬರದಿದ್ರು. ಬರದಾಂವಗ ಆವಾಗೇ ಖರೇ ವಯಸ್ಸು ಗೊತ್ತಿತ್ತು ಅಂತ ಸಿದ್ಧ ಆದ್ರ ಮಾತ್ರ ತಿದ್ದಬಹುದು, ಮತ್ತ ಆ ಪತ್ರಕ್ಕ ಡೆಪ್ಯುಟಿ ಸಾಹೇಬರ ಸಹಿ ಬೇಕು.

ಶಾಬುದ್ದೀನ ಆ ಉತ್ತರ ತಂದು ತೋರಿಸಿದ. ‘ನಿಮಗೇನರೆ ಗೊತ್ತಿತ್ತೇನ್ರಿ ಸರ್?’ ಅಂತ ಕೇಳಿದ. ಗೊತ್ತಿರಲಿಲ್ಲಪಾ ಅಂದೆ. ಅವ ಮತ್ತೊಮ್ಮೆ ಕೇಳಲಿಲ್ಲ. ಅವಗ ನನ್ನ ಮ್ಯಾಲೆ ಅಷ್ಟು ವಿಶ್ವಾಸ. ಅವನ ಮಗ್ಗಿ ಪುಸ್ತಕದ ಮೊದಲನೇ ಪುಟದಾಗ ಸುಳ್ಳು ಹೇಳಬಾರದು ಅಂತ ಬರಸಿದಾಂವ ನಾನಲ್ಲೇನು?

ಹದಿನೈದು ದಿವಸದ ಹಿಂದ ದಾವಲಬಿ ಬಂದ್ಲು. ತಲಿ ಮ್ಯಾಲೆ ಗಾದಿ. ಮಾಸ್ತರು ನಿವೃತ್ತರಾಗ್ತಾರ, ನಮ್ಮ ಕಡಿಂದ ಇದಿರಲಿ ಅಂತ ಹೊಸಾ ಗಾದಿ ಹೊಲದು ತಂದಿದ್ಲು. ಕೆಳಗಿಟ್ಟು ಕೂತ್ಲು. ಆಮ್ಯಾಲೆ ಸಾವಕಾಶ ಕೇಳಿದ್ಲು, ‘ಮಾಸ್ತರ, ನಾ ಅವತ್ತ ನಾಕು ತುಂಬ್ಯಾವ ಅಂತ ಹೇಳಿದ್ನೆಲ್ರಿ, ನಿಮಗ ನೆನಪ ಐತೇನ್ರಿ?’ ನನಗ ಅಕಿ ಉಟ್ಟ ಸೀರಿ ಬಣ್ಣ ಸುದ್ದಾ ನೆನಪಿತ್ತು. ‘ಇಲ್ಲವಾ, ನೆನಪಿಲ್ಲ’ ಅಂದೆ. ಅಕಿ, ‘ಹಂಗಾರ ನನಗೇ ತಪ್ಪಿರಬೇಕ್ರಿ. ನಾ ಓದದಾಕಿ. ನೀವು ಬರದದ್ದು ಸುಳ್ಳ ಹೆಂಗ ಆಗತೈತಿ?’ ಅಂದು ಎದ್ದು ಹೋದ್ಲು.

ಹೊಟ್ಟಿಲೆ ಹಡದ ತಾಯಿ, ತನ್ನ ಮಗ ಎಂದು ಹುಟ್ಟಿದ ಅನ್ನೋದು ತನಗೇ ತಪ್ಪಿರಬೇಕು ಅಂದ್ಲು. ಯಾಕ? ಮಾಸ್ತರ ನೆನಪಿಲ್ಲ ಅಂದಾರ ಅಂತ. ನನಗ ನಾಚಿಕಿ ಬಂತು, ಭಾಳ ನಾಚಿಕಿ ಬಂತು. ಬಂದ್ರೂ ಮತ್ತ ಹದಿನೈದು ದಿನ ಸುಮ್ಮನಿದ್ದೆ. ದಾವಲಬಿ ಅಲ್ಲೆ ಜಮಖಾನೆ ಮ್ಯಾಲೆ ಎರಡನೇ ಸಾಲಿನಾಗ ಕೂತಾಳ. ದಾವಲಬಿ, ನಿನಗ ತಪ್ಪಿಲ್ಲವಾ. ಜ್ವರದ ಮರು ವರ್ಷ, ಬಕ್ರೀದಕ್ಕ. ನೀ ಹೇಳಿದ್ದಿ, ನಾ ಕೇಳಿದ್ದೆ.

ಆ ಗಾದಿ ನಮ್ಮನ್ಯಾಗ ಇನ್ನೂ ಹಾಸಿಲ್ಲ. ನನ್ನ ಹೆಂಡತಿ ಮಂದಾಕಿನಿ ಹಾಸಗೊಡಲಿಲ್ಲ. ಗೋಡಿಗೆ ಆನಿಸಿ ನಿಲ್ಲಿಸ್ಯಾಳ, ಬಂದವರು ಹೋದವರು ಮುಟ್ಟಿ ನೋಡ್ತಾರ. ಯಾಕ ಅಂತ ಕೇಳಿದೆ. ಅಕಿ ಹೇಳಿದ ಮಾತು ಇಲ್ಲೆ ಹೇಳಬಾರದು. ಮನಿ ಮಾತು. ಇರಲಿ, ಇಷ್ಟು ಹೇಳಿದಾಂವ ಇದನ್ನೂ ಹೇಳಿಬಿಡ್ತೇನಿ. ‘ಅವತ್ತು ನನ್ನ ತಮ್ಮನ ಸಲುವಾಗಿ ಬರದ್ರಿ, ಅದರಾಗ ನನ್ನ ಪಾಲೂ ಅದ. ಇವತ್ತು ಪೆನ್ಶನ್ ಸಲುವಾಗಿ ಸುಮ್ಮ ಕೂತೀರಿ, ಇದು ನಿಮ್ಮೊಬ್ಬರದು’ ಅಂದ್ಲು. ಮೂವತ್ತು ವರ್ಷದ ಸಂಸಾರದಾಗ ಅಕಿ ನನ್ನ ಜೋಡಿ ಹಿಂಗ ಲೆಕ್ಕ ಹರಿದು ಮಾತಾಡಿದ್ದು ಅದೇ ಮೊದಲು. ನಾ ಆಗೂ ಒಂದು ಉಪಾಯ ಹುಡಕಿದೆ. ಪೆನ್ಶನ್ ಹುಕುಂ ಕೈಗೆ ಬಂದ ಮ್ಯಾಲೆ ಬರದುಕೊಟ್ರಾತು ಅಂದೆ. ಅಕಿ ಎದ್ದು ಒಳಗ ಹೋದ್ಲು. ಹುಕುಂ ಬರೂದ್ರಾಗ ಪಂದ್ಯ ಮುಗದು ಹೋಗತದ ಅನ್ನೋದು ಅಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇವತ್ತು ಮುಂಜಾನೆ ಇಲ್ಲಿಗೆ ಬರುವಾಗ ಏನು ಮಾಡಬೇಕಂತ ಬಂದಿದ್ದೆ? ಖರೇ ಹೇಳ್ತೇನಿ. ಎರಡನೇ ಪತ್ರ ಬರದು ಸಹಿ ಹಾಕಿ ಕಿಸೇದಾಗ ಇಟ್ಟುಕೊಂಡಿದ್ದೆ. ಸಮಾರಂಭ ಮುಗಿದ ಮ್ಯಾಲೆ ಸಾಹೇಬರನ್ನ ಬಾಜೂಕ ಕರದು ಮೆತ್ತಗ ಹೇಳೋಣು, ಅವರ ಮಾರಿ ನೋಡೋಣು, ಸಿಟ್ಟಾಗಂಗ ಕಂಡ್ರ ಕಾಗದ ತಗಿಯೂದೇ ಬ್ಯಾಡ ಅಂತ ವಿಚಾರ ಮಾಡಿದ್ದೆ. ಅಷ್ಟರಾಗ ಬಾಳಕೃಷ್ಣ ಆ ಸಾಲು ಓದಿದ. ನೀವೆಲ್ಲಾ ಚಪ್ಪಾಳಿ ಹೊಡದ್ರಿ. ನಾ ತಲಿ ಎತ್ತಿ ನೋಡಿದೆ. ಬಾಗಲದಾಗ ನಿಂತ ಶಾಬುದ್ದೀನ ಎಲ್ಲಾರಕಿಂತ ಜೋರಾಗಿ ಹೊಡೀಲಿಕ್ಕೆ ಹತ್ತಿದ್ದ. ಕೈ ಉದ್ದ ನೋಡ್ರಿ, ಸಪ್ಪಳ ಇಲ್ಲೀತನಕ ಬಂತು. ಅದನ್ನ ಕೇಳಿ ಬಾಜೂಕ ಕರಿಯೂ ವಿಚಾರ ಬಿಟ್ಟೆ.

ಸಾಹೇಬರೇ, ಇನ್ನೊಂದು ಮಾತು ಉಳದದ. ಇದು ಈ ಸಭಾದಾಗ ಯಾರಿಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ದಾವಲಬಿ ಆಗ ಗಾದಿ ಇಡಲಿಕ್ಕೆ ಒಳಗ ಹೋಗಿದ್ಲು, ಅಕಿನೂ ನೋಡಿಲ್ಲ. ಹುಡುಗ ಕೈ ಎತ್ತಿದ ಅಂತ ಹೇಳಿದೆ. ಕಿವಿ ಮುಟ್ಟಿತು ಅಂತ ಹೇಳಲಿಲ್ಲ. ಮುಟ್ಟಲಿಲ್ಲ. ನಾಕು ವರ್ಷದ ಕೂಸಿನ ಕೈ ಹೆಂಗ ಮುಟ್ಟೀತು? ಎಲ್ಲಾ ಮಕ್ಕಳ ಕೈಯಷ್ಟೇ ಇತ್ತು ಅವನ ಕೈ. ಎರಡು ಬೆರಳಷ್ಟು ಅಂತರ ಉಳೀತು. ಅವ ಭಾಳ ಪ್ರಯತ್ನ ಮಾಡಿದ, ಮಾರಿ ಕೆಂಪಾತು. ನಾ ಒಂದು ಕೈಲೆ ಅವನ ತಲಿ ಹಿಡದು, ಕತ್ತು ಈ ಕಡೆ ಬಗ್ಗಿಸಿದೆ. ಆಗ ಮುಟ್ಟಿತು. ‘ಶಾಬಾಸ್’ ಅಂದೆ. ಕೂಸು ನಕ್ತು. ಮುಂದ ಓಣ್ಯಾಗ ಯಾರರೆ ಕೇಳ್ಯಾರು ಅಂತ ಉದ್ದ ಕೈ ಕಥಿ ನಾನೇ ಕಟ್ಟಿ ಬಿಟ್ಟೆ. ಕೈ ಉದ್ದ ಆದದ್ದು ಆಮ್ಯಾಲೆ, ಅವನಷ್ಟಕ್ಕ ಅವ ಬೆಳದು, ಅಪ್ಪನ ಬಿಲ್ಲು ಹಿಡದು. ಅದರಾಗ ನಂದೇನೂ ಇಲ್ಲ.

ಇದೆಲ್ಲಾ ಈ ಕಾಗದದಾಗ ಬರದದ. ತಾಯಿ ನಾಕು ಅಂದಿದ್ಲು, ಕೈ ಮುಟ್ಟಿರಲಿಲ್ಲ, ತಿಳಿದು ತಿಳಿದು ಬರದೆ, ಬರದಾಂವ ನಾನು. ಕೆಳಗ ನನ್ನ ಸಹಿ ಅದ. ತಮ್ಮ ಸಹಿಗೆ ಜಾಗಾ ಬಿಟ್ಟೇನಿ. ತಮ್ಮ ಚೀಲದಾಗ ನನ್ನ ಪೆನ್ಶನ್ ಕಾಗದನೂ ಅದ, ಅದಕ್ಕೂ ತಮ್ಮ ಸಹಿನೇ ಬೇಕು. ಅದಕ್ಕ ಸಹಿ ಹಾಕ್ತೀರೋ, ಚೌಕಶಿ ಕೂಡಸ್ತೀರೋ, ಅದು ತಮ್ಮ ಧರ್ಮ. ನಾ ಏನೂ ಅನ್ನೂದಿಲ್ಲ. ಆದ್ರ ಇದಕ್ಕ ಮಾತ್ರ ಸಹಿ ಇವತ್ತೇ ಆಗಬೇಕು ಸಾಹೇಬರೇ. ಸೋಮವಾರ ದೂರಿಲ್ಲ.

ಬಾಳಕೃಷ್ಣ, ಮಾನಪತ್ರ ನೀನೇ ಇಟ್ಟುಕೋ. ಗಾಜು ಬಿಚ್ಚಿ ಆ ಒಂದು ಸಾಲು ಕೆಂಪು ಮಸೀಲೆ ಹೊಡದು ಹಾಕು, ಉಳಿದದ್ದು ಇರಲಿ. ಶಾಲು ಮಾತ್ರ ನಾ ಒಯ್ತೇನಿ, ಮುಂದ ಥಂಡಿ ದಿನ ಬರ್ತಾವ. ಮಂದಾಕಿನಿ ಇವತ್ತರೆ ಆ ಗಾದಿ ಹಾಸಿದ್ರ ನೋಡಬೇಕು.

ಇನ್ನು ಎರಡನೇ ಮಗ್ಗಲು. ಬೆಂಚು ಕೊಟ್ಟವರಿಗೆ, ಹಾರ ಕಟ್ಟಿದವರಿಗೆ, ಜಮಖಾನೆ ಹಾಸಿದವರಿಗೆ, ಇಷ್ಟೊತ್ತು ಕೂತು ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ಮೂವತ್ನಾಲ್ಕು ವರ್ಷ ನನ್ನ ಮಾತು ನಂಬಿ ಮಕ್ಕಳನ್ನು ಕಳಿಸಿಕೊಟ್ಟ ಈ ಓಣಿಯ ತಾಯಂದಿರಿಗೆ, ಅವರಲ್ಲಿಯೂ ಒಬ್ಬಾಕೆಗೆ, ಕೈ ಮುಗಿದು ಕ್ಷಮೆ ಕೇಳುತ್ತೇನೆ.

ಶಾಬುದ್ದೀನ, ಅಲ್ಲೆ ಬಾಗಲದಾಗ ಯಾಕ ನಿಂತಿ? ಒಳಗ ಬಾ. ಚೌಕಟ್ಟು ದಾಟಿ ಬಾ, ಬಂದು ಈ ಕಾಗದ ತಗೋ, ಸಾಹೇಬರ ಮುಂದ ಇಡು. ಹಾಂ, ಅಷ್ಟು ಮುಂದ ಬಂದ್ಯಲ್ಲ, ಇಲ್ಲೆ ಮ್ಯಾಲೆ ಏನೂ ಬಡಿಯೂದಿಲ್ಲ. ಕತ್ತು ನೆಟ್ಟಗ ಮಾಡು, ತಮ್ಮಾ.

ಎಲ್ಲಾರಿಗೂ ನನ್ನ ಕಡೀ ನಮಸ್ಕಾರ.